ಏಳನೇ ಜೋಡಿ

ಚಿಕಾಗೋ,
೫ ನವೆಂಬರ್ ೨೦೦೬, ಭಾನುವಾರ

ಪೂಜ್ಯ ಅನುಸೂಯಮ್ಮನವರಿಗೆ ದಾನಿಯಾಳ ವಂದನೆಗಳು.

ಇಂದು ನವೆಂಬರ್ ಐದು. ಈ ಪತ್ರದ ಉದ್ದೇಶ ಎರಡು. ಸೆಪ್ಟೆಂಬರ್ ಹದಿನಾಲ್ಕರಂದು ಮರುಭೂಮಿಯ ಗೋಡೆಯ ಬಳಿ ನೀವು ಒಬ್ಬರೇ ಉಳಿದುಹೋದದ್ದು ಹೇಗೆಂಬುದನ್ನು ನಿಮ್ಮ ಮಗ ಮಂಜುನಾಥರಿಗೆ ನಾನು ಬರೆದು ತಿಳಿಸಿದ್ದೇನೆ ಎಂದು ನಿಮಗೆ ಹೇಳುವುದು ಮೊದಲನೆಯದು. ಅವರಿಗೆ ಬರೆಯದೆ ಬಿಟ್ಟದ್ದನ್ನು ನಿಮಗೆ ಬರೆಯುವುದು ಎರಡನೆಯದು.

ಅವರ ಪತ್ರವನ್ನು ನಿನ್ನೆ ಬೆಳಿಗ್ಗೆ ಅಂಚೆಗೆ ಹಾಕಿದೆ. ಇದೂ ಅದರ ಜೊತೆಗೇ ಹೊರಡಬೇಕಿತ್ತು. ಅದನ್ನು ಒಂದೇ ಸಲಕ್ಕೆ, ಒಂದಕ್ಷರವನ್ನೂ ಹೊಡೆದುಹಾಕದೆ ಬರೆದು ಮುಗಿಸಿದವಳು ಇದನ್ನು ಮೂರು ಸಲ ಹರಿದುಹಾಕಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಿಮ್ಮ ಮನೆಯ ಫೋನನ್ನು ಈಗ ನಿಮ್ಮ ಸೊಸೆ ಹರ್ಷಿತಾ ಅವರೇ ಎತ್ತಿಕೊಳ್ಳುತ್ತಾರೆ. ನೀವು ಎತ್ತಿಕೊಂಡರೂ ನನ್ನ ಮಾತನ್ನು ಮುಗಿಸಲು ಬಿಡುವುದಿಲ್ಲ, "ಅದಿರ್ಲಿ, ಊಟ ಮಾಡಿದ್ಯಾ?" ಎಂದು ಕೇಳಿ ವಿಷಯವನ್ನೇ ಅಲ್ಲಿಗೆ ಮುಗಿಸಿಬಿಡುತ್ತೀರಿ. ಕಾಗದವಾದರೆ ನೀವು ಅಡ್ಡ ಬಾಯಿ ಹಾಕುವಂತಿಲ್ಲ.

ನಿಮಗೆ ಗೊತ್ತಿರುವುದನ್ನೂ ಕ್ರಮವಾಗಿ ಬರೆಯುತ್ತೇನೆ, ಬೇಸರಪಡಬೇಡಿ. ಕ್ರಮ ಬಿಟ್ಟರೆ ಕಥೆ ನನಗೆ ಅನುಕೂಲವಾದ ಕಡೆ ಶುರುವಾಗಿ, ಅನುಕೂಲವಾದ ಕಡೆ ನಿಂತುಬಿಡುತ್ತದೆ. ಸುಮಾರು ಎರಡು ತಿಂಗಳಿಂದ ಅದನ್ನು ನಾನು ಹಾಗೆಯೇ ಹೇಳಿಕೊಂಡು ಬಂದಿದ್ದೇನೆ.

ಪ್ರವಾಸ ಹೊರಡಿಸಿದವರು ನೇಪರ್‌ವಿಲ್‌ನ ಶೇಷಗಿರಿಯವರು. ಕಳೆದ ಯುಗಾದಿಯಂದು ಲೆಮಾಂಟ್ ದೇವಸ್ಥಾನದ ಊಟದ ಹಾಲಿನಲ್ಲಿ, "ಕಾಶಿ, ರಾಮೇಶ್ವರ ಎಲ್ಲ ಆಯ್ತು, ಈ ಸಲ ಚೀನಾಕ್ಕೆ ಹೋಗಿ ರೇಷ್ಮೆ ದಾರಿ ಕೋಟೆಗಳನ್ನ ನೋಡ್ಕೊಂಡು ಬರೋಣ" ಎಂದು ಹೆಸರು ಬರೆದುಕೊಳ್ಳತೊಡಗಿದರಂತೆ. ಆ ಕೋಟೆಗಳ ವಿಷಯ ಬಿಡಿಸಿ ಹೇಳಲು ಒಬ್ಬರು ಬೇಕಲ್ಲ ಎಂದಾಗ ಡೆಟ್ರಾಯಿಟ್ ಕಡೆಯ ಬಾಲು ಅಂಕಲ್ ನನ್ನ ಹೆಸರು ಹೇಳಿದರು. ಅವರು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನನ್ನ ತಂದೆಯಿರುವ ಬಡಾವಣೆಯಲ್ಲೇ ಇರುವವರು. "ನಮ್ಮ ಯಾಕೂಬ್ ಸಾಹೇಬ್ರ ಮಗಳು ಆ ಗೋಡೆಗಳ ಮೇಲೇ ಪಿಎಚ್‌ಡಿ ಮಾಡ್ತಿದಾಳೆ ಕಣ್ರೀ" ಎಂದರಂತೆ. ಅವರು ಹೇಳಿದ್ದು ನಿಜ. ಆದರೆ ಮೂರು ವರ್ಷಗಳಿಂದ ಆ ಗೋಡೆಗಳನ್ನು ನಕ್ಷೆಗಳಲ್ಲಿ, ಇನ್ನೊಬ್ಬರು ತೆಗೆದ ಫೋಟೋಗಳಲ್ಲಿ, ಇನ್ನೊಬ್ಬರು ಬರೆದ ವರದಿಗಳಲ್ಲಿ ಓದಿದ್ದೆನೇ ಹೊರತು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಹಾಗಿದ್ದೂ ನಿಮ್ಮೆಲ್ಲರ ಜೊತೆ ಬರಲು ಒಪ್ಪಿಕೊಂಡಾಗ, ಉಪಕಾರ ಮಾಡುತ್ತಿರುವವಳು ನಾನೇ ಎಂದು ಭಾವಿಸಿದ್ದೆ.

ಬೀಜಿಂಗ್ ವಿಮಾನ ನಿಲ್ದಾಣದಲ್ಲಿ ಶೇಷಗಿರಿಯವರು ಎಣಿಕೆಯ ಪದ್ಧತಿಯನ್ನು ಗೊತ್ತುಮಾಡಿದರು. ತಲೆ ಎಣಿಸುವುದು ಬೇಡ, ಜೋಡಿ ಎಣಿಸೋಣ ಎಂದರು. "ಹೆಂಡ್ತಿ ಬಿಟ್ಟು ಗಂಡ ಬಸ್ ಹತ್ತೋದಿಲ್ಲ, ಗಂಡನ್ನ ಬಿಟ್ಟು ಹೆಂಡ್ತಿ ಹತ್ತೋದಿಲ್ಲ. ಅವರವರ ಜೋಡೀನ ಅವರವರೇ ನೋಡ್ಕೊಂಡ್ರೆ ಮುಗೀತು." ಬಾಲು ಅಂಕಲ್, "ಬಿಟ್ಟು ಬರೋ ಚಾನ್ಸ್ ಇದೆ ಅಂತ ಮೊದಲೇ ಹೇಳಿದ್ರೆ ಇನ್ನೊಂದು ಬಸ್ ತುಂಬ್ತಿತ್ತು" ಎಂದರು, ಅವರ ಪತ್ನಿ ಕೈಚೀಲದಿಂದ ಅವರ ಬೆನ್ನಿಗೆ ಒಂದೇಟು ಕೊಟ್ಟರು. ದಂಪತಿಗಳು ಆರು ಜೋಡಿಯಾದರು. ಉಳಿದವರು ನೀವು ಮತ್ತು ನಾನು. "ಇವರಿಬ್ರನ್ನ ಏಳನೇ ಜೋಡಿ ಮಾಡ್ಬಿಡಿ" ಎಂದವರು ಶೇಷಗಿರಿಯವರ ಪತ್ನಿ ಸರಳಾ ಆಂಟಿ. "ನೋಡಮ್ಮಾ, ಇಪ್ಪತ್ತೆರಡು ವರ್ಷ ಆದ್ಮೇಲೆ ನಂಗೂ ಒಂದು ಜೋಡಿ ಸಿಕ್ತು" ಎಂದು ನೀವು ನಕ್ಕು ನನ್ನ ಕೈ ಹಿಡಿದಿರಿ.

ನಾನು ನಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಧಾರವಾಡ ಜಿಲ್ಲೆಗೆ ಮೊದಲಿಗಳಾದವಳು, ಇಲ್ಲಿಗೆ ಬಂದ ಮೇಲೂ ಹೈಸ್ಕೂಲು ಕಾಲೇಜುಗಳಲ್ಲಿ ಎರಡನೆಯ ಸ್ಥಾನವೆಂದರೇನೆಂದು ಕಾಣದವಳು ನಾನು. ಅಂಥವಳನ್ನು ಗಂಡನಿಲ್ಲದ ಅರವತ್ತೆಂಟು ವರ್ಷದವರೊಬ್ಬರ ಪಕ್ಕಕ್ಕೆ, ಮಿಕ್ಕುಳಿದವಳೆಂದು ಸೇರಿಸಿದರಲ್ಲ ಎಂದು ಕಸಿವಿಸಿಪಟ್ಟೆ. ನಿಮ್ಮ ಕೈಯಿಂದ ಕೈ ಬಿಡಿಸಿಕೊಂಡು ಪಾಸ್‌ಪೋರ್ಟ್ ಹುಡುಕುವವಳಂತೆ ನಟಿಸಿದೆ. ಇದು ಮಂಜುನಾಥರ ಪತ್ರದಲ್ಲಿಲ್ಲ.

ಹದಿನಾಲ್ಕರ ಬೆಳಿಗ್ಗೆ ಡನ್‌ಹುವಾಂಗ್ ಊರಿನಿಂದ ಐವತ್ತೈದು ಮೈಲಿ ಬಂಜರಿನಲ್ಲಿ ಸಾಗಿ ಯುಮೆನ್ ಕೋಟೆಗೆ ಬಂದೆವು. ಕೋಟೆಯೆಂದರೆ ಅಲ್ಲಿ ಉಳಿದಿರುವುದು ಕುಟ್ಟಿ ಗಟ್ಟಿಮಾಡಿದ ಮಣ್ಣಿನ ನಾಲ್ಕು ಗೋಡೆ, ಎರಡು ಬಾಗಿಲು, ಮೇಲೆ ಆಕಾಶ. "ಇಷ್ಟೇನಾ? ನಮ್ಮ ಚಿತ್ರದುರ್ಗದ ಒಂದು ಮೂಲೇಲಿ ಕೂತ್ಕೊಳುತ್ತಲ್ಲ!" ಎಂದರು ಸರಳಾ ಆಂಟಿ. ನಾನು ಗಂಭೀರಳಾಗಿ ವಿವರಿಸಿದೆ: ಇದು ಸಾಮ್ರಾಜ್ಯದ ಕಟ್ಟಕಡೆಯ ಬಾಗಿಲು, ಇಲ್ಲಿಂದ ಪಶ್ಚಿಮಕ್ಕೆ ಹೋಗುವ ವ್ಯಾಪಾರಿಯಾಗಲಿ ಒಂಟೆಯಾಗಲಿ ಪರವಾನಗಿ ಚೀಟಿ ತೋರಿಸದೆ ದಾಟುವಂತಿರಲಿಲ್ಲ. "ಅಂದ್ರೆ ಆಗ್ಲೂ ವೀಸಾ ಸ್ಟಾಂಪಿಂಗ್ ಇತ್ತು ಅನ್ನು" ಎಂದರು ಬಾಲು ಅಂಕಲ್. "ಒಂಟೆಗೂ ಕ್ಯೂ ನಿಲ್ಲಿಸ್ತಿದ್ರಾ ಗೋಲ್ಡ್ ಮೆಡಲ್?" ಅವರು ಪ್ರವಾಸದುದ್ದಕ್ಕೂ ನನ್ನನ್ನು ಹಾಗೆಯೇ ಕರೆದರು. ನನಗದು ಹಿತವಾಗಿಯೇ ಇತ್ತು.

ಮಧ್ಯಾಹ್ನ ಕೋಟೆಯಿಂದ ಮೂರು ಮೈಲಿ ಆಚೆಗಿರುವ ಗಡಿಗೋಡೆಗೆ ಹೋದೆವು. ಒಂದು ಪದರ ಜೊಂಡು, ಒಂದು ಪದರ ಗರಸು, ಮತ್ತೆ ಜೊಂಡು, ಹೀಗೆ ಪೇರಿಸಿದ ಗೋಡೆ. ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದೆ, ಎರಡು ಸಾವಿರ ವರ್ಷವಾಗಿದೆ. ಬಾಲು ಅಂಕಲ್ ಅದನ್ನು ತಟ್ಟಿ ನೋಡಿ, "ಹುಲ್ಲು ಮಣ್ಣು ಎರಡು ಸಾವಿರ ವರ್ಷ ನಿಂತಿದೆ. ನಮ್ಮನೆ ಬೇಸ್‌ಮೆಂಟ್ ಎರಡೇ ವರ್ಷಕ್ಕೆ ಲೀಕು" ಎಂದರು. ನಾನು ಅಲ್ಲಿಯ ಕಾವಲಿನವರ ದಿನಚರಿಯನ್ನು ಹೇಳಿದೆ. ಗೋಡೆಯುದ್ದಕ್ಕೂ ಒಂದು ಪಟ್ಟಿ ಮರಳನ್ನು ಅವರು ದಿನವೂ ಹದವಾಗಿ ಸಮ ಮಾಡುತ್ತಿದ್ದರು. ಮಾರನೆಯ ಬೆಳಿಗ್ಗೆ ಅದರ ಮೇಲೆ ಹೆಜ್ಜೆ ಬಿದ್ದಿದ್ದರೆ ಯಾರೋ ಗಡಿ ದಾಟಿದ್ದಾರೆಂದು ಅರ್ಥ. ಆಗ ನೀವು, "ಅಂಗಳ ಗುಡಿಸಿ ರಂಗೋಲಿ ಹಾಕ್ದೆ ಕಾಯ್ತಾ ಕೂತ ಹಂಗೆ, ಅಲ್ವಾ? ಯಾರಾದ್ರೂ ಬಂದ್ರಾ ಅಂತ" ಎಂದಿರಿ. ಮೂರು ವಾರದ ನಂತರ ನಮ್ಮ ವಿಭಾಗದ ಸೆಮಿನಾರಿನಲ್ಲಿ ಆ ಹೋಲಿಕೆಯನ್ನು ನನ್ನದೆಂಬಂತೆ ಹೇಳಿದೆ. ಎಲ್ಲರೂ ಮೆಚ್ಚಿಕೊಂಡರು. ಅದೂ ನಿಮಗೆ ಸಲ್ಲಬೇಕಾದದ್ದು, ಸಲ್ಲಿಸುತ್ತಿದ್ದೇನೆ.

ಇಲ್ಲಿ ಕಾಲು ಗಂಟೆಯಷ್ಟನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೂರೂವರೆಗೆ ಬಸ್ಸು ಹೊರಟಿತು. ಶೇಷಗಿರಿಯವರು ಮುಂದೆ ನಿಂತು ಕೂಗಿದರು, ಒಂದೊಂದು ಜೋಡಿಯೂ "ಇದೀವಿ" ಎಂದಿತು. "ಏಳನೇ ಜೋಡಿ?" ಎಂದಾಗ ನಾನು, "ಇಬ್ಬರೂ ಇದ್ದೇವೆ" ಎಂದೆ. ಶೇಷಗಿರಿಯವರು ಚೀನೀ ಗೈಡ್ ಹುಡುಗಿಗೆ ಹೆಬ್ಬೆರಳು ತೋರಿಸಿದರು, ಆಕೆ ಡ್ರೈವರನ ಬೆನ್ನು ತಟ್ಟಿದಳು. ಸುಮಾರು ಒಂದು ಗಂಟೆ ಸಾಗಿದ ಮೇಲೆ ಸರಳಾ ಆಂಟಿ ಎದ್ದು, "ಅನುಸೂಯಮ್ಮ ಎಲ್ಲಿ? ಕೋಡುಬಳೆ ಡಬ್ಬ ಅವರ ಹತ್ರಾನೇ ಇರೋದು" ಎಂದು ಒಂದೊಂದೇ ಸೀಟು ನೋಡುತ್ತ ಹಿಂದಿನವರೆಗೂ ಹೋದರು. ಕೊನೆಯ ಸೀಟನ್ನು ಮುಟ್ಟಿ ತಿರುಗಿದಾಗ ಅವರ ಮುಖದಲ್ಲಿ ಬಣ್ಣವಿರಲಿಲ್ಲ.

ಬಸ್ಸನ್ನು ತಿರುಗಿಸಿ ಮತ್ತೆ ಒಂದು ಗಂಟೆ ಹಿಂದಕ್ಕೆ ಬಂದೆವು. ನಿಮ್ಮ ಬಳಿ ನೀರಿನ ಬಾಟಲಿ ಇತ್ತೇ ಎಂದು ಯಾರೋ ಕೇಳಿದರು. ಇತ್ತು ಎಂದೆ. ನನಗೆ ಗೊತ್ತಿರಲಿಲ್ಲ.

ನೀವು ಗೋಡೆಯ ನೆರಳಿನಲ್ಲಿ ಸೆರಗು ಹೊದ್ದು ಕುಳಿತು, ಶೂ ಬಿಚ್ಚಿ ಒಳಗಿನ ಮರಳು ಕೊಡವುತ್ತಿದ್ದಿರಿ. ತುಟಿ ಒಡೆದಿತ್ತು. ನಾನು ಬಾಯಿ ತೆರೆಯುವ ಮೊದಲೇ ನೀವು ಶೇಷಗಿರಿಯವರಿಗೆ ಹೇಳಿದಿರಿ: "ನಂದೇ ತಪ್ಪು ಕಣ್ರೀ. ಈ ಹುಡುಗಿ ಪಾಪ ಕರೆದ್ಲು. ಹಿಂದಿನ ಸೀಟಲ್ಲಿ ಕೂತ್ಕೋತೀನಿ ನಡಿ ಅಂದೋಳು, ಆಮೇಲೆ ಎಲ್ಲಿ ಹೊರಟಿದ್ದೆ ಅನ್ನೋದೇ ಮರ್ತೋಯ್ತು." ಎಲ್ಲರೂ ನಂಬಿದರು. ವಯಸ್ಸಾದವರ ಮರೆವನ್ನು ನಂಬುವುದು ಎಷ್ಟು ಸುಲಭವೆಂದು ನಾನು ಆ ದಿನ ಕಂಡೆ. ನನ್ನ ಕಡೆ ತಿರುಗಿ ಯಾರೊಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಾರನೆಯ ಬೆಳಿಗ್ಗೆ ಹೋಟೆಲಿನ ತಿಂಡಿಯ ಮೇಜಿನಲ್ಲಿ ಯಾಕೆ ಹಾಗೆ ಹೇಳಿದಿರೆಂದು ಕೇಳಿದೆ. ನೀವು ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಳ್ಳುತ್ತ, "ನೀನಿನ್ನೂ ಓದ್ಬೇಕು, ಮುಂದೆ ಬರ್ಬೇಕು, ನಾಲ್ಕು ಜನದ ಬಾಯಿಗೆ ಬೀಳ್ಬಾರ್ದು. ನಂದೇನು? ಮುದುಕಿಗೆ ಮರೆವು ಅಂತಾರೆ, ಅಷ್ಟೇ ತಾನೆ" ಎಂದಿರಿ. ಅಷ್ಟೇ ಅಲ್ಲವೆಂದು ನಿಮಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಹಿಂದಿನ ಸಂಜೆಯೇ ಶೇಷಗಿರಿಯವರು ಪ್ಲೇನ್‌ಫೀಲ್ಡ್‌ನ ನಿಮ್ಮ ಮನೆಗೆ ಫೋನ್ ಮಾಡಿ ಮಂಜುನಾಥರಿಗೆ ಎಲ್ಲವನ್ನೂ ಹೇಳಿಯಾಗಿತ್ತು.

ಮುಂದಿನ ಊರು ಜಿಯಾಯುಗುವಾನ್. ಅಲ್ಲಿಯ ಕೋಟೆ ಸರಳಾ ಆಂಟಿಗೂ ಒಪ್ಪಿಗೆಯಾಗುವಷ್ಟು ದೊಡ್ಡದಿತ್ತು. ಆದರೆ ಅವರು ಅದನ್ನು ನೋಡಿದ್ದು ಅರ್ಧ. ಇನ್ನರ್ಧ ಹೊತ್ತು ನಿಮ್ಮ ಮುಂಗೈ ಹಿಡಿದು, "ಮೆಟ್ಲು ಇದೆ ಅನುಸೂಯಮ್ಮಾ, ಇಲ್ಲಿ ಮೆಟ್ಲು" ಎಂದು ನಡೆಸಿದರು. ಅರವತ್ತೊಂದನೆಯ ವಯಸ್ಸಿನಲ್ಲಿ ಕಾರು ಕಲಿತು, ಮೂರು ಸಲ ಟೆಸ್ಟಿನಲ್ಲಿ ಫೇಲಾಗಿ ನಾಲ್ಕನೆಯ ಸಲ ಲೈಸೆನ್ಸ್ ಪಡೆದು, ಪ್ರತಿ ಶನಿವಾರ ಮೂವರು ಹೆಂಗಸರನ್ನು ಹತ್ತಿಸಿಕೊಂಡು ಲೆಮಾಂಟ್‌ಗೆ ಡ್ರೈವ್ ಮಾಡುವವರು ನೀವು. ಬೇರೆಯವರ ಕೈ ಹಿಡಿದು, ತಲೆ ತಗ್ಗಿಸಿ ಮೆಟ್ಟಿಲಿಳಿದಿರಿ.

ನಾನು ಅಲ್ಲಿ ಒಂದು ಇಟ್ಟಿಗೆಯ ಕಥೆಯನ್ನು ಹೇಳಿದೆ. ಆ ಕೋಟೆ ಕಟ್ಟಿದವನು ಬೇಕಾಗುವ ಇಟ್ಟಿಗೆಗಳನ್ನು ಮೊದಲೇ ಎಣಿಸಿ ಹೇಳಿದ್ದನಂತೆ; ಕೆಲಸ ಮುಗಿದಾಗ ಒಂದೇ ಒಂದು ಮಿಕ್ಕಿತಂತೆ; ಅದನ್ನು ಇಂದಿಗೂ ಬಾಗಿಲ ಮೇಲಿನ ಅಂಚಿನಲ್ಲಿ ಇರಿಸಿದ್ದಾರೆ. ಎಣಿಕೆ ಎಂದರೆ ಹೀಗಿರಬೇಕು ಎಂದು ನಾನು ಮುಗಿಸಿದಾಗ ಹದಿಮೂರು ಜನರೂ ಚಪ್ಪಾಳೆ ತಟ್ಟಿದರು. ನೀವೂ ತಟ್ಟಿದಿರಿ. ನಿಮ್ಮ ಮುಖದಲ್ಲಿ ಕುಹಕವಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಊರಿಗೆ ಮರಳಿದ ಮೇಲೆ ನಾನು ಯಾರನ್ನೂ ನೋಡಲಿಲ್ಲ. ನನ್ನ ದಿನಗಳನ್ನು ನಿಮಗೆ ವಿವರಿಸುವ ಅಗತ್ಯವಿಲ್ಲ; ಗ್ರಂಥಾಲಯದಿಂದ ಕೋಣೆಗೆ ಒಂಬತ್ತು ನಿಮಿಷ, ಕೋಣೆಯಿಂದ ಗ್ರಂಥಾಲಯಕ್ಕೆ ಒಂಬತ್ತು ನಿಮಿಷ. ಕೋಣೆಯಲ್ಲಿ ಶಬ್ದ ಮಾಡುವುದು ಹೀಟರ್ ಒಂದೇ. ಈದ್ ದಿನ ಫೋನ್ ಮಾಡಿದವರು ನೀವೊಬ್ಬರೇ. "ಶೀರ್ ಕುರ್ಮಾ ಮಾಡ್ಕೊಂಡ್ಯಾ?" ಎಂದು ಕೇಳಿದಿರಿ, ಮಾಡಿದ್ದೇನೆ ಎಂದೆ. ಆ ದಿನ ನಾನು ತಿಂದದ್ದು ಮೊಸರು, ಬ್ರೆಡ್ಡು.

ಎರಡು ದಿನದ ನಂತರ, ನವೆಂಬರ್ ಕೊನೆಗೆ ನಡೆಯುವ ರಾಜ್ಯೋತ್ಸವದಲ್ಲಿ ಸ್ಲೈಡ್ ಹಾಕಿ ಮಾತಾಡಬೇಕೆಂದು ಕೇಳಲು ಸರಳಾ ಆಂಟಿ ಫೋನ್ ಮಾಡಿದರು. ಮಾತಿನ ಕೊನೆಗೆ, "ಪಾಪ ಅನುಸೂಯಮ್ಮಂಗೆ ಮರೆವು ಶುರುವಾಗಿದೆಯಂತೆ. ಮಂಜು ಕಾರ್ ಕೀ ಇಸ್ಕೊಂಡಿದಾನೆ. ಡಿಸೆಂಬರಲ್ಲಿ ಮೈಸೂರಿಗೆ, ಮಗಳ ಮನೆಗೆ ಕಳಿಸ್ತಾನಂತೆ. ಒನ್‌ವೇ" ಎಂದರು. ನಾನು, "ಹೌದೇ" ಎಂದಷ್ಟೇ ಹೇಳಿ ಸ್ಲೈಡುಗಳ ಸಂಖ್ಯೆಯನ್ನು ಬರೆದುಕೊಂಡೆ.

ಆ ಶನಿವಾರ ನಿಮ್ಮ ಮನೆಗೆ ಬಂದದ್ದು ಕ್ಷೇಮ ವಿಚಾರಿಸಲೆಂದು ನೀವು ಭಾವಿಸಿದ್ದೀರಿ. ನಿಜ ಹೇಳುತ್ತೇನೆ, ಸರಳಾ ಆಂಟಿ ಹೇಳಿದ್ದು ಸುಳ್ಳಾಗಿರಲಿ ಎಂದು ನೋಡಲು ಬಂದೆ. ನೇಪರ್‌ವಿಲ್ ಸ್ಟೇಷನ್ನಿಗೆ ನೀವೇ ಬಂದು ನಿಮ್ಮ ಹಳೆಯ ಬಿಳಿ ಕಾರಿನಲ್ಲಿ ಕರೆದುಕೊಂಡು ಹೋಗುವೆನೆಂದು ಚೀನಾದಲ್ಲಿ ಹೇಳಿದ್ದಿರಿ. ಹರ್ಷಿತಾ ಬಂದಿದ್ದರು. ನಿಮ್ಮ ಕಾರು ಗರಾಜಿನಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಫ್ರಿಜ್ಜಿನ ಮೇಲೆ ದಪ್ಪಕ್ಷರಗಳಲ್ಲಿ ಅಂದಿನ ವಾರ, ತಾರೀಖು. ನೀವು ಒಲೆಯ ಬಳಿಯಿಂದ ಈಚೆ ಬಂದ ಕೂಡಲೇ ನಿಮ್ಮ ಮೊಮ್ಮಗಳು ಎದ್ದುಹೋಗಿ ನೋಡಿ, "ಅಜ್ಜಿ, ಡಿಡ್ ಯು ಟರ್ನ್ ಇಟ್ ಆಫ್?" ಎಂದಳು. ಎಂಟು ವರ್ಷದ ಹುಡುಗಿ. ನೀವು, "ಮಾಡಿದೀನಿ ಪುಟ್ಟಾ" ಎಂದಿರಿ. ಆಮೇಲೆ ನೀವೇ ಎದ್ದು ಇನ್ನೊಮ್ಮೆ ನೋಡಿ ಬಂದಿರಿ. ನನಗೆ ಸಹಿಸಲಾಗದೆ ಹೋದದ್ದು ಅದು. ನಿಮಗೇ ನಿಮ್ಮ ಮೇಲೆ ಅನುಮಾನ ಹುಟ್ಟತೊಡಗಿತ್ತು.

ಮಂಜುನಾಥರು ಕೆಟ್ಟವರಲ್ಲ. ನನ್ನನ್ನು ಸ್ಟೇಷನ್ನಿಗೆ ಬಿಡುವಾಗ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿಕೊಂಡು, "ಅಮ್ಮ ಹೈವೇನಲ್ಲಿ ಎಲ್ಲಿ ಹೋಗ್ತಿದೀನಿ ಅಂತ ಮರ್ತುಬಿಟ್ರೆ? ಡೆಸರ್ಟಲ್ಲಿ ಆದ ಹಾಗೆ? ನಾನು ಆಫೀಸಲ್ಲಿ ಕೂತು ಕೆಲಸ ಹೇಗೆ ಮಾಡ್ಲಿ?" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ, "ನೀವು ಪಕ್ಕದಲ್ಲೇ ಇದ್ರಲ್ಲ, ಅವತ್ತು ಅಮ್ಮ ತುಂಬಾ ಕನ್‌ಫ್ಯೂಸ್ ಆಗಿದ್ರಾ? ಡಾಕ್ಟರಿಗೆ ಹೇಳ್ಬೇಕು" ಎಂದು ಕೇಳಿದರು. ಕೊನೆಗೂ ಒಬ್ಬರು ಕೇಳಿದ್ದರು. ಸಿಗ್ನಲ್ ಹಸಿರಾಯಿತು. ನನಗೆ ನೆನಪಿಲ್ಲ ಎಂದೆ.

ತರಗತಿಯಲ್ಲಿ ಓದಿದ್ದೊಂದನ್ನೂ ಮರೆಯದವಳೆಂದು ಹೆಸರು ಪಡೆದ ನಾನು, ಅಲ್ಲಿ ಮರೆವನ್ನು ನನಗಾಗಿ ಬಳಸಿಕೊಂಡೆ.

ಮಂಜುನಾಥರಿಗೆ ಬರೆದದ್ದು ಇಷ್ಟು: ನಿಮ್ಮ ತಾಯಿಗೆ ಮರೆವಿಲ್ಲ. ಅವರು ನನ್ನನ್ನು ಉಳಿಸಲು ಸುಳ್ಳು ಹೇಳಿದರು. ಎಣಿಕೆಯಲ್ಲಿ ಅವರ ಹೊಣೆ ನನ್ನದಾಗಿತ್ತು. ಬಸ್ಸಿನಲ್ಲಿದ್ದಾರೋ ಇಲ್ಲವೋ ಎಂದು ನೋಡದೆ, ಇದ್ದಾರೆಂದು ಕೂಗಿ ಹೇಳಿದವಳು ನಾನು. ಡಾಕ್ಟರಿಗೆ ಹೇಳಬೇಕಾದದ್ದೂ ಇದೇ. ಇದರ ಒಂದು ಪ್ರತಿಯನ್ನು ಶೇಷಗಿರಿಯವರಿಗೂ ಕಳಿಸಿದ್ದೇನೆ; ರಾಜ್ಯೋತ್ಸವದಲ್ಲಿ ಮಾತಾಡಲು ಬೇರೆಯವರನ್ನು ಹುಡುಕಿಕೊಳ್ಳಬಹುದು.

ಇನ್ನು ನಾನು ಬಿಟ್ಟು ಬಂದ ಕಾಲು ಗಂಟೆ.

ಪ್ರತಿ ಊರಿನಲ್ಲಿ ಹೋಟೆಲ್ ಸೇರಿದ ಕೂಡಲೇ ಎಲ್ಲರೂ ಕಾಲಿಂಗ್ ಕಾರ್ಡ್ ಹಿಡಿದು ಸಾಲುಗಟ್ಟಿ ಮನೆಗೆ, ಮಕ್ಕಳಿಗೆ, "ರೀಚ್ ಆದ್ವಿ" ಎಂದು ಹೇಳುತ್ತಿದ್ದರು. ನಾನು ಆ ಸಾಲಿನಲ್ಲಿ ನಿಂತವಳಲ್ಲ. ನೀವದನ್ನು ಗಮನಿಸಿದ್ದಿರಿ. ಆ ಮಧ್ಯಾಹ್ನ ಉಳಿದವರೆಲ್ಲ ಗೋಡೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ನೀವು ನನ್ನ ಪಕ್ಕ ಬಂದು ಕಾರ್ಡನ್ನು ಮುಂದೆ ಹಿಡಿದಿರಿ. "ಇದ್ರಲ್ಲಿ ಇನ್ನೂ ಮೂವತ್ತು ನಿಮಿಷ ಇದೆ. ಇವತ್ತು ಸಂಜೆ ನಿಮ್ಮಪ್ಪಂಗೆ ಒಂದು ಫೋನ್ ಮಾಡು. ಈ ಗೋಡೆ ನೋಡ್ದೆ ಅಂತ ಹೇಳು, ಅಷ್ಟೇ ಸಾಕು. ಬಾಲು ಎಲ್ಲ ಹೇಳಿದ್ರು ನಂಗೆ."

ಬಾಲು ಅಂಕಲ್ ಏನು ಹೇಳಿದ್ದರೆಂದು ಊಹಿಸಬಲ್ಲೆ. ಸವಣೂರಿನ ನಮ್ಮ ಮನೆಯಲ್ಲಿ ಆಡುತ್ತಿದ್ದದ್ದು ಉರ್ದು. ಆದರೂ ನನ್ನನ್ನು ಹಟ ಹಿಡಿದು ಕನ್ನಡ ಶಾಲೆಗೆ ಸೇರಿಸಿದವರು, ನಾನು ಬರೆದ ಪ್ರತಿಯೊಂದು ಉತ್ತರ ಪತ್ರಿಕೆಯನ್ನೂ ಇಂದಿಗೂ ಫೈಲಿನಲ್ಲಿಟ್ಟಿರುವವರು ನನ್ನ ತಂದೆ. ಮೂರು ವರ್ಷದ ಹಿಂದೆ ನಾನು ಮೆಡಿಕಲ್ ಓದನ್ನು ನಡುವೆ ಬಿಟ್ಟು ಬಂದಾಗ, "ಮಣ್ಣಿನ ಗೋಡೆ ನೋಡಾಕ ಇಷ್ಟೆಲ್ಲಾ ಓದಿದೇನ?" ಎಂದರು, ಬೇಕೆಂದೇ ಕನ್ನಡದಲ್ಲಿ. ಡಾಕ್ಟರೇಟು ಕೈಗೆ ಬಂದ ದಿನವೇ ಈ ಮನೆಯ ಬಾಗಿಲಿಗೆ ಬರುತ್ತೇನೆ, ಅಲ್ಲಿಯವರೆಗೆ ಫೋನನ್ನೂ ಮಾಡುವುದಿಲ್ಲ ಎಂದು ನಾನು ಹೊರಟು ಬಂದೆ. ಅಮ್ಮ ಕಾರಿನವರೆಗೂ ಬಂದರು. ಅವರು ಕೊಟ್ಟ ಡಬ್ಬವನ್ನು ತೆಗೆದುಕೊಳ್ಳಲಿಲ್ಲ.

ನಿಮ್ಮ ಕಾರ್ಡನ್ನು ನೋಡಿ ನಾನು ಹೇಳಿದ ಮಾತು ನಿಮಗೆ ನೆನಪಿದೆ. ಇದ್ದೇ ಇರುತ್ತದೆ, ನಿಮಗೆ ಮರೆವಿಲ್ಲ. "ನಿಮ್ಮ ಮಗನ ಮನೆಯಲ್ಲಿ ನಿಮ್ಮ ಮಾತು ಕೇಳುವವರಿಲ್ಲವೆಂದು ಸಿಕ್ಕಿದವರಿಗೆಲ್ಲ ಬುದ್ಧಿ ಹೇಳಬೇಡಿ. ದಯವಿಟ್ಟು ನನ್ನ ಪಕ್ಕದಿಂದ ಹೋಗಿ. ನನಗೆ ಜೋಡಿ ಬೇಕಾಗಿಲ್ಲ" ಎಂದೆ. ಪೂರ್ಣ ವಾಕ್ಯಗಳಲ್ಲಿ, ದನಿ ಎತ್ತರಿಸದೆ, ಬಹುವಚನ ತಪ್ಪದೆ. ನೀವು ಕಾರ್ಡನ್ನು ಪರ್ಸಿನೊಳಗಿಟ್ಟು, "ಸರಿಯಮ್ಮಾ" ಎಂದು ಗೋಡೆಯ ಆಚೆ ಬದಿಗೆ ನಡೆದುಹೋದಿರಿ. ನಾನು ಹೋಗಿ ಎಂದೆ, ನೀವು ಹೋದಿರಿ. ಅಲ್ಲಿಂದ ಬಸ್ಸು ಕಾಣುವುದಿಲ್ಲ.

ನೋಡದೆ ಕೂಗಿದೆ ಎಂದು ಮಂಜುನಾಥರಿಗೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಪಕ್ಕದ ಸೀಟು ಖಾಲಿಯಿರುವುದನ್ನು ನೋಡಿದೆ. ನನ್ನ ಮೇಲೆ ಮುನಿಸಿಕೊಂಡು ಹಿಂದೆಲ್ಲೋ ಕುಳಿತಿದ್ದೀರಿ ಎಂದುಕೊಂಡೆ. ಕುತ್ತಿಗೆ ಒಂದಿಷ್ಟು ತಿರುಗಿಸಿದ್ದರೆ ಗೊತ್ತಾಗುತ್ತಿತ್ತು. ತಿರುಗಿಸಿದರೆ ನಾನು ಪಶ್ಚಾತ್ತಾಪಪಟ್ಟು ನಿಮ್ಮನ್ನು ಹುಡುಕುತ್ತಿದ್ದೇನೆಂದು ನಿಮಗೆ ಅನ್ನಿಸಬಹುದಿತ್ತು. ಆದ್ದರಿಂದ ಕಿಟಕಿಯ ಕಡೆಗೇ ಮುಖ ಮಾಡಿ, ಇಬ್ಬರೂ ಇದ್ದೇವೆ ಎಂದೆ. ಒಂದು ಗಂಟೆಯ ಕಾಲ ಕಿಟಕಿಯನ್ನೇ ನೋಡುತ್ತ ಕುಳಿತೆ, ನಿಮಗೆ ನನ್ನ ಬೆನ್ನು ಕಾಣುತ್ತಿದೆ ಎಂಬ ತೃಪ್ತಿಯಲ್ಲಿ. ನೀವು ಆ ಹೊತ್ತಿಗೆ ಗೋಡೆಯ ಸುತ್ತ ಬಸ್ಸನ್ನು ಹುಡುಕುತ್ತಿದ್ದಿರಿ.

ಇದನ್ನು ನೀವು ಯಾರಿಗಾದರೂ ಹೇಳಬಹುದು, ಹೇಳದೆಯೂ ಇರಬಹುದು. ಮಂಜುನಾಥರು ತಮ್ಮ ತಾಯಿಯನ್ನು ನಂಬಲು ಮೊದಲನೆಯ ಪತ್ರವೇ ಸಾಕು. ಈ ಎರಡನೆಯದು ನಿಮ್ಮದು.

ಕ್ಷಮೆ ಕೇಳುವುದನ್ನು ನಾನು ಯಾವ ತರಗತಿಯಲ್ಲೂ ಕಲಿಯಲಿಲ್ಲ; ಯಾವ ಶಬ್ದಗಳಲ್ಲಿ ಕೇಳಬೇಕೆಂದು ಹುಡುಕಿದಾಗ ಸಿಕ್ಕಿದವೆಲ್ಲ ಅರ್ಜಿಯಂತೆ ಕಂಡವು. ಕ್ಷಮಿಸಿ ಅನುಸೂಯಮ್ಮನವರೇ. ನೀವು ಒಲೆಯನ್ನು ಆರಿಸಿದ್ದಿರಿ. ನಾನು ಹಿಂದೆಯೇ ನಿಂತು ನೋಡಿದ್ದೆ.

ವಿನಯಪೂರ್ವಕವಾಗಿ,
ದಾನಿಯಾ ಯಾಕೂಬ್

ಮರೆತ ಮಾತು: ೭ ನವೆಂಬರ್, ಮಂಗಳವಾರ. ಲಕೋಟೆಯನ್ನು ಅಂಟಿಸುವ ಮೊದಲೇ ಇಂದು ಮಧ್ಯಾಹ್ನ ನಿಮ್ಮ ಫೋನ್ ಬಂತು. ಆದ್ದರಿಂದ ಇದನ್ನು ಸೇರಿಸುತ್ತಿದ್ದೇನೆ. ಮಂಜುನಾಥರು ಟಿಕೆಟ್ ಕ್ಯಾನ್ಸಲ್ ಮಾಡುವ ಮಾತಾಡುತ್ತಿದ್ದಾರೆಂದೂ, ಕಾರಿನ ಮೇಲಿನ ಬಟ್ಟೆ ತೆಗೆದಿದ್ದಾರೆಂದೂ ಹೇಳಿದಿರಿ. ಅದರ ಜೊತೆಗೇ ಅವರು ಸಿಟ್ಟಿನಿಂದ ಕುದಿಯುತ್ತಿದ್ದಾರೆಂದೂ, ಶೇಷಗಿರಿಯವರು ಎಲ್ಲರಿಗೂ ಫೋನ್ ಮಾಡಿದ್ದಾರೆಂದೂ, ಬಾಲು ಅಂಕಲ್ ನಿನ್ನೆಯೇ ನನ್ನ ತಂದೆಯ ಮನೆಗೆ ಹೋಗಿ ಹೇಳಿ ಬಂದರೆಂದೂ, ತಂದೆ ಎದ್ದು ಒಳಗೆ ಹೋದರೆಂದೂ ಹೇಳಿದಿರಿ. "ಈಗಲೂ ಕಾಲ ಮಿಂಚಿಲ್ಲ ಕಣಮ್ಮಾ. ಮಂಜುಗೆ ಒಂದ್ ಮಾತು ಹೇಳ್ಬಿಡು, ಮುದುಕಿ ಮೇಲಿನ ಕನಿಕರಕ್ಕೆ ಸುಳ್ಳು ಬರೆದೆ ಅಂತ. ಅವನು ನಂಬ್ತಾನೆ, ನಾನೂ ಹೂಂ ಅಂತೀನಿ. ಮೈಸೂರಿಗೆ ಹೋದ್ರೆ ಹೋದೆ, ನಿನ್ನ ಹೆಸರು ಉಳೀಲಿ" ಎಂದಿರಿ. ಯೋಚಿಸಿ ನಾಳೆ ಉತ್ತರ ಹೇಳು ಎಂದು ಫೋನ್ ಇಟ್ಟಿರಿ.

ನಾನು ಹಾಗೆ ಹೇಳುವುದಿಲ್ಲ.